ನಾನು ಬರೆದ ಅರವತ್ತು ಸಾಲು

ಫೋನು ಬಂದಾಗ ನಾನು ಯಾರದೋ ಜಮೀನಿನ ಅಫಿಡವಿಟ್ಟು ಟೈಪು ಮಾಡುತ್ತಿದ್ದೆ. ಮಧುಗಿರಿ ಕೋರ್ಟಿನ ಎದುರು ಸಾಲಿನಲ್ಲಿ ನನ್ನ ಅಂಗಡಿ. ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವಕೀಲರೊಬ್ಬರ ಗುಮಾಸ್ತ, ನನ್ನ ಹಳೆಯ ಗೆಳೆಯ, ಕೌಂಟರಿನ ಮೇಲೆ ಮೊಣಕೈ ಊರಿಕೊಂಡು ತಲೆ ತಿನ್ನುತ್ತಿದ್ದ.

"ಬೇಗ ಹೊಡೀಲಾ. ಜಡ್ಜ್ ಸಾಹೇಬ್ರು ಕೂತ್ಬುಟ್ಟವ್ರೆ. ನೀನಿನ್ನೂ ಅಪ್ಪನ ಹೆಸರಲ್ಲೇ ಇದೀಯ."

"ನಿಮ್ ಪಾರ್ಟಿ ಮೂರು ಸಲ ಅಪ್ಪನ ಹೆಸರು ಬದ್ಲಾಯ್ಸವ್ನೆ ಕಣ್ಲಾ, ನಾನೇನ್ ಮಾಡ್ಲಿ?"

ಸುತ್ತ ನಿಂತವರು ನಕ್ಕರು. ಆ ನಗುವಿನ ನಡುವೆಯೇ ಫೋನು ಎತ್ತಿದೆ.

ಮಾಡಿದವರು ಚನ್ನರಾಯನದುರ್ಗದ ಕಡೆಯ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಮಾಡುವ ಟೀಚರಮ್ಮ. ಕೆಲಸ ಮಾಡಿಕೊಂಡೇ ಏಳು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದರು. ಅವರ ಪ್ರಬಂಧ ಟೈಪು ಮಾಡಿದ್ದು, ಪುಟ ಕಟ್ಟಿದ್ದು, ಬೈಂಡು ಮಾಡಿಸಿದ್ದು ಎಲ್ಲ ನಾನೇ. ಎರಡು ಸಲ ಗಡುವು ಮುಂದಕ್ಕೆ ಹಾಕಿಸಿಕೊಂಡಾಗಿತ್ತು; ಮೂರನೆಯ ಸಲ ಹಾಕುವುದಿಲ್ಲ ಎಂದು ತುಮಕೂರಿನ ವಿಶ್ವವಿದ್ಯಾಲಯದಿಂದ ಕಾಗದ ಬಂದಿತ್ತು. ಆ ದಿನ ಸಂಜೆ ಐದರೊಳಗೆ, ಗೈಡ್ ಸಹಿ ಇರುವ ಐದು ಪ್ರತಿ ಕೌಂಟರಿಗೆ ಮುಟ್ಟದಿದ್ದರೆ ಅವರ ನೋಂದಣಿ ರದ್ದು. ಏಳು ವರ್ಷ ನೀರಿಗೆ ಬಿದ್ದಂತೆ.

"ಅಣ್ಣ, ಶಿರಾದಲ್ಲಿ ಗೈಡ್ ಸರ್ ಮನೇಲಿದೀನಿ" ಅಂದರು. "ಸರ್ ಸೈನ್ ಹಾಕಲ್ಲ ಅಂತಾವ್ರೆ. ನಮ್ಮ ಮುತ್ತಾತನ ಆ ಎಂಟು ಪುಟದ ಪುಸ್ತಕದ ಇಸವಿ ಬ್ಯಾರೆ ಬಂದ್ಬುಟ್ಟದೆ."

"ಬ್ಯಾರೆ ಹೆಂಗ್ ಬತ್ತದೆ ಮೇಡಮ್ಮೋರೆ?"

"ನಾನು ಬರ್ದಿರದು ಸ್ವಾತಂತ್ರ್ಯಕ್ಕೆ ಮುಂಚೇದು ಅಂತ. ಬ್ರಾಕೆಟ್ಟಲ್ಲಿ ನೋಡಿದ್ರೆ ಸ್ವಾತಂತ್ರ್ಯ ಬಂದು ಇಪ್ಪತ್ತೇಳು ವರ್ಷ ಆದ್ಮೇಲಿನ ಇಸವಿ. ಒಂದ್ ಕಡೆ ಅಲ್ಲಣ್ಣ, ಅದನ್ನ ಹೆಸರಿಸಿರೋ ಕಡೆಯೆಲ್ಲ ಅಂಗೇ ಅದೆ."

ಅಷ್ಟರಲ್ಲಿ ಫೋನು ಅವರ ಕೈಯಿಂದ ಗೈಡ್ ಕೈಗೆ ಹೋಯಿತು. ಅವರು ನಿಧಾನಕ್ಕೆ, ಒಂದೊಂದು ಮಾತನ್ನೂ ತೂಗಿ ಆಡುವವರು.

"ನೋಡ್ರಿ, ಒಂದೇ ಪ್ರಶ್ನೆ. ಈ ಇಸವಿ ಎಲ್ಲಿಂದ ಬಂತು?"

"ಸೈಟಿಂದ ಸಾರ್."

"ಆ ಸೈಟಲ್ಲಿ ಹೀಗೇ ಇದೆಯಾ?"

"ಇರೋದನ್ನ ಇದ್ದಂಗೆ ಎತ್ಕೊಂಬರ್ತದೆ ಸಾರ್ ನನ್ನ ಪ್ಲಗಿನ್ನು. ಬ್ಯಾರೆ ಕಸುಬು ಅದಕ್ಕೆ ಗೊತ್ತಿಲ್ಲ."

"ಖಾತ್ರಿನಾ?"

"ನೂರಕ್ಕೆ ನೂರು."

"ಸರಿ" ಅಂದರು. ಆಮೇಲೆ ಫೋನನ್ನು ಬಾಯಿಯಿಂದ ದೂರ ಹಿಡಿದು ಪಕ್ಕಕ್ಕೆ ತಿರುಗಿ ಅಂದದ್ದೂ ನನಗೆ ಕೇಳಿಸಿತು: "ಕೇಳಿಸ್ತೇನಮ್ಮಾ? ಸೈಟಲ್ಲೇ ಹೀಗಿದೆಯಂತೆ. ಹಾಗಾದ್ರೆ ಇಷ್ಟು ವರ್ಷ ನನಗೆ ತೋರಿಸ್ತಾ ಬಂದಿದ್ದು ಏನು?"

ಲೈನು ಕಟ್ಟಾಯಿತು.

ಗುಮಾಸ್ತ ನನ್ನ ಮುಖವನ್ನೇ ನೋಡುತ್ತಿದ್ದ. "ನೂರಕ್ಕೆ ನೂರು ಅಂದ್ಯಲ್ಲ, ನೋಡಿದೇನ್ಲಾ?"

"ನೋಡೋದೇನು? ನಾನ್ ಬರ್ದಿರೋದು ನಂಗೊತ್ತಿಲ್ವಾ?"

"ನೋಡ್ದೆಲೆ ಪ್ರಮಾಣ ಮಾಡೋ ಸಾಕ್ಷಿಗಳ್ನ ನಮ್ಮ ಲಾಯರ್ರು ಐದೇ ನಿಮಿಷಕ್ಕೆ ಅಡ್ಡ ಕೆಡವ್ತಾರೆ" ಎಂದು ನಕ್ಕು, ಬಿಸಿ ಹಾಳೆಗಳನ್ನು ಎಳೆದುಕೊಂಡು ಕೋರ್ಟಿನ ಕಡೆ ಓಡಿದ.

ಪ್ಲಗಿನ್ನು ಎಂದರೆ ಏನು ಎಂಬುದನ್ನು ಇಲ್ಲಿ ಹೇಳಬೇಕು. ಪ್ರಬಂಧ ಬರೆಯುವವರು ಓದಿದ ಪುಸ್ತಕಗಳ ಪಟ್ಟಿ ಇಡಲು ಒಂದು ಸಾಫ್ಟ್‌ವೇರ್ ಇದೆ. ಇಂಟರ್ನೆಟ್ಟಿನಲ್ಲಿ ಯಾವುದೋ ಪುಸ್ತಕದ ಪುಟ ತೆರೆದು, ಮೂಲೆಯಲ್ಲಿರುವ ಚಿಕ್ಕ ಬಟನ್ ಒತ್ತಿದರೆ ಬರೆದವರ ಹೆಸರು, ಪುಸ್ತಕದ ಹೆಸರು, ಪ್ರಕಾಶಕರು, ಇಸವಿ ಎಲ್ಲವೂ ತಾವಾಗಿಯೇ ಬಂದು ಆ ಪಟ್ಟಿಯ ಖಾನೆಗಳಲ್ಲಿ ಕೂರುತ್ತವೆ. ಆದರೆ ಆ ಬಟನ್ನಿಗೆ ತಾನಾಗಿ ಕಣ್ಣಿಲ್ಲ. ಈ ಸೈಟಿನಲ್ಲಿ ಹೆಸರು ಎಲ್ಲಿದೆ, ಆ ಸೈಟಿನಲ್ಲಿ ಇಸವಿ ಎಲ್ಲಿದೆ ಎಂದು ಒಂದೊಂದು ಸೈಟಿಗೂ ಯಾರಾದರೂ ಕೂತು ಬರೆದುಕೊಡಬೇಕು. ಆ ಬರಹವೇ ಪ್ಲಗಿನ್ನು. ಇಂಗ್ಲಿಷ್ ಸೈಟುಗಳಿಗೆ ಬೇಕಾದಷ್ಟು ಜನ ಬರೆದಿದ್ದಾರೆ. ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಹಾಕಿರುವ ಸೈಟೊಂದಿದೆ, ಅದಕ್ಕೆ ಯಾರೂ ಬರೆದಿರಲಿಲ್ಲ. ನಾನು ಬರೆದೆ.

ನಾನು ಓದಿದ್ದು ಎಂಟನೆಯ ಕ್ಲಾಸು. ಒಂಬತ್ತರಲ್ಲಿ ನಪಾಸಾದೆ. ಮತ್ತೆ ಕೂತಿದ್ದರೆ ನನ್ನ ತಂಗಿಯ ಕ್ಲಾಸಿನಲ್ಲೇ ಕೂರಬೇಕಿತ್ತು. ಆಗಲ್ಲ ಅಂದೆ. ಅಪ್ಪ ಎರಡು ಬಿಟ್ಟರು, ಆಗಲೂ ಆಗಲ್ಲ ಅಂದೆ. ಊರಿನ ಪ್ರೆಸ್ಸೊಂದರಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿಕೊಂಡೆ. ಸೀಸದ ಅಕ್ಷರಗಳನ್ನು ಒಂದೊಂದೇ ಎತ್ತಿ, ಕನ್ನಡಿಯಲ್ಲಿ ಕಂಡಂತೆ ತಿರುವಿ ಸಾಲು ಕಟ್ಟುವ ಕೆಲಸ. ಪ್ರೆಸ್ಸು ಮುಚ್ಚಿ ಕಂಪ್ಯೂಟರ್ ಬಂದಾಗ ಜೊತೆಯವರೆಲ್ಲ ಬೇರೆ ಬೇರೆ ಕೆಲಸ ಹಿಡಿದರು. ನಾನು ಬಿಡಲಿಲ್ಲ. ಕೋರ್ಟಿನವರು ಊಟಕ್ಕೆ ಎದ್ದ ಹೊತ್ತಿನಲ್ಲಿ ಅಂಗಡಿ ಖಾಲಿ ಇರುತ್ತದೆ. ಆ ಒಂದೊಂದು ಗಂಟೆಯಲ್ಲಿ, ಬೇರೆಯವರು ಬರೆದ ಪ್ಲಗಿನ್ನುಗಳನ್ನು ಸಾಲು ಸಾಲಾಗಿ ಬಿಡಿಸಿ ನೋಡಿ ಕಲಿತೆ. ನನಗದು ಹೊಸದು ಅನ್ನಿಸಲೇ ಇಲ್ಲ. ಎಡಗಡೆ 'ಕರ್ತೃ' ಎಂದಿದ್ದರೆ ಬಲಗಡೆ ಇರುವುದನ್ನು ಎತ್ತು, ಹೆಸರಿನ ಖಾನೆಗೆ ಹಾಕು. ಮೊಳೆ ಕೆಲಸವೂ ಅದೇ: ಯಾವ ಖಾನೆಯಲ್ಲಿ ಯಾವ ಅಕ್ಷರ ಎಂಬುದು ಬೆರಳಿಗೆ ಗೊತ್ತಿರಬೇಕು. ಡಿಗ್ರಿ ಮಾಡಿದವರು ನನ್ನ ಅಂಗಡಿಗೆ ಬಂದು "ಇದನ್ನ ಹೆಂಗ್ ಮಾಡಿದ್ರಿ?" ಎಂದು ಕೇಳುವಾಗ ಉತ್ತರ ಹೇಳುತ್ತಿರಲಿಲ್ಲ, ಸುಮ್ಮನೆ ಇನ್ನೊಂದು ಸಲ ಬಟನ್ ಒತ್ತಿ ತೋರಿಸುತ್ತಿದ್ದೆ.

ಆ ಸೈಟಿನಲ್ಲಿ ಒಂದು ತೊಡಕಿತ್ತು. ಕೆಲವು ಹಳೆಯ ಪುಸ್ತಕಗಳಿಗೆ ಇಸವಿಯೇ ಇಲ್ಲ, ಬರೀ ಸಂವತ್ಸರದ ಹೆಸರು. ಸಾಫ್ಟ್‌ವೇರಿಗೆ ಅಂಕಿಯೇ ಬೇಕು. ಅಂಕಿ ಸಿಗದಿದ್ದರೆ 'ಕಾಲ ತಿಳಿದಿಲ್ಲ' ಎಂದು ಹಾಕಿಬಿಡುತ್ತದೆ. ಗೈಡುಗಳು ಅದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕಳಿಸುತ್ತಿದ್ದರು. ಇದಕ್ಕೆ ಮದ್ದು ನನ್ನ ಬಳಿಯೇ ಇದೆ ಅನ್ನಿಸಿತು. ಪ್ರೆಸ್ಸಿನಲ್ಲಿದ್ದಾಗ ನಾನು ಜೋಡಿಸಿದ ಲಗ್ನಪತ್ರಿಕೆಗಳಿಗೆ ಲೆಕ್ಕವಿಲ್ಲ. ಪ್ರತಿಯೊಂದರಲ್ಲೂ ಮೊದಲು ಸಂವತ್ಸರದ ಹೆಸರು, ಆಮೇಲೆ ಮಾಸ, ತಿಥಿ, ವಾರ. ಪ್ರಭವದಿಂದ ಅಕ್ಷಯದವರೆಗೆ ಅರವತ್ತೂ ಹೆಸರು ನನಗೆ ಬಾಯಿಪಾಠ. ಈ ವರ್ಷದಿಂದ ಹಿಂದಕ್ಕೆ ಎಣಿಸಿಕೊಂಡು ಹೋಗಿ, ಒಂದೊಂದು ಹೆಸರಿಗೂ ಒಂದೊಂದು ಇಸವಿ ಬರೆದು, ಅರವತ್ತು ಸಾಲಿನ ಪಟ್ಟಿಯನ್ನು ಪ್ಲಗಿನ್ನಿಗೆ ಸೇರಿಸಿದೆ. ಇಸವಿ ಇದ್ದರೆ ಇಸವಿ ತಗೋ, ಇಲ್ಲದಿದ್ದರೆ ಸಂವತ್ಸರ ನೋಡಿ ಪಟ್ಟಿಯಿಂದ ತಗೋ ಎಂದು ಬರೆದೆ. ಮನೆಯಲ್ಲಿ ಉಳಿಸಿಕೊಂಡಿದ್ದ ನಮ್ಮ ಪ್ರೆಸ್ಸಿನ ಹತ್ತು ಲಗ್ನಪತ್ರಿಕೆ ತೆಗೆದು ಪರೀಕ್ಷೆ ಮಾಡಿದೆ. ಹತ್ತಕ್ಕೆ ಹತ್ತೂ ಸರಿ ಬಂತು.

ಟೀಚರಮ್ಮ ತಮ್ಮ ಪುಸ್ತಕಗಳ ಪಟ್ಟಿಯನ್ನು ಮೊದಲಿಂದಲೂ ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆದಿಟ್ಟಿದ್ದರು. ಕೊನೆಯ ವಾರದಲ್ಲಿ, ಹೊಸ ನಮೂನೆಯಲ್ಲಿ ಬೇಕಂತೆ ಎಂದಾಗ, "ಇದೆಲ್ಲ ಬುಡಿ ಮೇಡಮ್ಮೋರೆ" ಎಂದು ಅದನ್ನು ಪಕ್ಕಕ್ಕಿಟ್ಟು ಬಟನ್ನಿನಲ್ಲೇ ಎಲ್ಲವನ್ನೂ ಎಳೆದು ಹಾಕಿದ್ದು ನಾನು. "ಒಂದ್ಸಲ ಕಣ್ಣಾಡಿಸ್ಲಾ ಅಣ್ಣ?" ಎಂದು ಅವರು ಕೇಳಿದ್ದರು. "ನೋಡೋದೇ ಬ್ಯಾಡ, ಮಿಶಿನ್ನು ಮಾಡಿರೋದು" ಎಂದು ಬೈಂಡಿಂಗಿಗೆ ಕಳಿಸಿದ್ದೆ.

ಗುಮಾಸ್ತ ಹೋದ ಮೇಲೆ ಮುಂದಿನ ಅಫಿಡವಿಟ್ಟಿಗೆ ಕೈ ಹಾಕಿದೆ. ಬೆರಳು ಓಡಲಿಲ್ಲ. ಬಂದವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಆ ಸೈಟು ತೆರೆದೆ. ಮೊಬೈಲಿನಲ್ಲಿ ತೆರೆಯದ ಸೈಟು ಅದು. ಕಂಪ್ಯೂಟರಿನಲ್ಲೂ ಎದ್ದು ಬರಲು ಎರಡು ನಿಮಿಷ ಬೇಕು. ಬಂತು. ಒಂದು ಮಾಸಿದ ಹೊದಿಕೆಯ ಚಿತ್ರ, ಪಕ್ಕದಲ್ಲಿ ಐದಾರು ಸಾಲು. ಶೀರ್ಷಿಕೆ: ಮನವಿ ಪತ್ರ. ಪುಟ: ಎಂಟು. ಕಾಲ: ಆನಂದ ಸಂವತ್ಸರ. ಬೆಲೆ: ಅರ್ಧ ಆಣೆ.

ಇಸವಿ ಇರಲಿಲ್ಲ. ಎಲ್ಲೂ ಇರಲಿಲ್ಲ. ಆ ಇಸವಿ ಬಂದದ್ದು ನನ್ನ ಅರವತ್ತು ಸಾಲಿನಿಂದ.

ಲಗ್ನಪತ್ರಿಕೆ ಯಾವಾಗಲೂ ಮುಂದಿನ ತಿಂಗಳದ್ದೇ ಇರುತ್ತದೆ. ಯಾವ ಸುತ್ತಿನ ಆನಂದ ಎಂದು ಮದುವೆ ಮನೆಯವರನ್ನು ಯಾರೂ ಕೇಳುವುದಿಲ್ಲ. ಅರವತ್ತು ಮುಗಿದ ಮೇಲೆ ಅದೇ ಹೆಸರು ಮತ್ತೆ ಬರುತ್ತದೆ ಎಂಬುದು ಗೊತ್ತಿದ್ದೂ, ಹಿಂದಿನ ಸುತ್ತೊಂದು ಇತ್ತು ಎಂಬುದು ನನ್ನ ಕೈಗೆ ಹೊಳೆಯಲೇ ಇಲ್ಲ. ನನ್ನ ಪಟ್ಟಿ ಈಚಿನ ಅರವತ್ತು ವರ್ಷದ್ದು. ಅವರ ಪುಸ್ತಕ ಅದರ ಹಿಂದಿನದು. ಆಣೆ ಲೆಕ್ಕ ನಿಂತು ಎಷ್ಟೋ ವರ್ಷವಾದ ಮೇಲಿನ ಇಸವಿಯನ್ನು ಅರ್ಧ ಆಣೆಯ ಪುಸ್ತಕದ ಮೇಲೆ ಅಂಟಿಸಿದ್ದೆ.

ಅದೇನು ಸಾಧಾರಣ ಪುಸ್ತಕವಲ್ಲ. ಟೀಚರಮ್ಮನ ಮುತ್ತಾತ ದುರ್ಗದ ಕೆಳಗಿನ ಕೇರಿಯಲ್ಲಿ, ಊರಿನ ಶಾಲೆಯೊಳಗೆ ಬಿಟ್ಟುಕೊಳ್ಳದ ಮಕ್ಕಳಿಗೆ ತಾವೇ ಒಂದು ಶಾಲೆ ನಡೆಸಿದ್ದರು. ಹಲಗೆ ಬಳಪ ಕೊಡಿ ಎಂದು ಅವರು ಅಚ್ಚು ಹಾಕಿಸಿ ಹಂಚಿದ ಮನವಿ ಅದು. ಆ ಶಾಲೆ ಇತ್ತು ಎನ್ನುವುದಕ್ಕೆ ಬೇರೆ ಅಚ್ಚಿನ ಸಾಕ್ಷಿ ಇಲ್ಲ. ಮನೆಯವರು ಹೇಳಿಕೊಂಡು ಬಂದ ಮಾತು ಒಂದು ಕಡೆ, ಈ ಎಂಟು ಪುಟ ಇನ್ನೊಂದು ಕಡೆ. ಪ್ರಬಂಧ ನಿಂತಿದ್ದೇ ಅದರ ಮೇಲೆ. ಈಗ ಗೈಡ್ ಕಣ್ಣಿಗೆ ಅವರು ತಮ್ಮ ಮನೆತನದ ಹೆಚ್ಚುಗಾರಿಕೆಗೆ ಇಸವಿ ತಿದ್ದಿದ ಹೆಂಗಸು.

ಫೋನು ಮಾಡಿದೆ. ರಿಂಗಾಗಿ ನಿಂತಿತು. ಮತ್ತೆ ಮಾಡಿದೆ, ಸ್ವಿಚ್ ಆಫ್. ಬೆಂಚಿನ ಮೇಲಿದ್ದವರಿಗೆ "ಪಕ್ಕದಂಗಡೀಲಿ ಮಾಡಿಸ್ಕೊಳಿ" ಎಂದು ಶೆಟರ್ ಎಳೆದೆ. ಹತ್ತೊಂಬತ್ತು ವರ್ಷದಲ್ಲಿ ಕೋರ್ಟ್ ನಡೆಯುವ ಹೊತ್ತಿನಲ್ಲಿ ಅಂಗಡಿ ಮುಚ್ಚಿದ್ದು ಅದೇ ಮೊದಲು. ಲ್ಯಾಪ್‌ಟಾಪನ್ನು ಬೆನ್ನಿಗೆ ಹಾಕಿಕೊಂಡು ಬೈಕು ಹತ್ತಿದೆ.

ಶಿರಾ ದಾರಿಯಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಗಾಡಿ ಓಡಿಸುತ್ತ ಮಾತು ಜೋಡಿಸಿಕೊಂಡೆ. ಸಾರ್, ಸೈಟಿನೋರು ಇಸವಿ ತಪ್ಪು ಹಾಕಿದ್ರು; ನಾನು ಈಗ ನೋಡಿದೆ; ಅದನ್ನ ತೆಗೆದುಬಿಟ್ಟವ್ರೆ. ಯಾರಿಗೂ ನಷ್ಟವಿಲ್ಲದ ಮಾತು. ಸೈಟಿನವರು ಬಂದು ಕೇಳುವುದಿಲ್ಲ. ಟೀಚರಮ್ಮನ ಕೆಲಸವೂ ಆಗುತ್ತದೆ, ನನ್ನ ಮಾತೂ ಉಳಿಯುತ್ತದೆ. ಆ ಮಾತನ್ನು ಹತ್ತು ಸಲ ಹೇಳಿಕೊಂಡೆ. ಹತ್ತನೆಯ ಸಲಕ್ಕೆ ಅದು ನಿಜವೇ ಏನೋ ಎನ್ನುವಷ್ಟು ನಯವಾಗಿತ್ತು.

ಗೈಡ್ ಮನೆ ತಲುಪಿದಾಗ ಹನ್ನೆರಡೂ ಮುಕ್ಕಾಲು. ಹಜಾರದಲ್ಲಿ ಟೀಪಾಯಿಯ ಮೇಲೆ ನಾನೇ ಬೈಂಡು ಮಾಡಿಸಿದ ಐದು ಪ್ರತಿ, ಚಿನ್ನದ ಬಣ್ಣದ ಅಕ್ಷರ. ಗೈಡ್ ಕುರ್ಚಿಯಲ್ಲಿದ್ದರು. ಟೀಚರಮ್ಮ ಗೋಡೆಗೆ ಒರಗಿ ನಿಂತಿದ್ದರು. ಬೆಳಿಗ್ಗೆಯಿಂದ ನಿಂತೇ ಇದ್ದಾರೆ ಎಂಬುದು ಕಾಲು ಬದಲಿಸುತ್ತಿದ್ದ ರೀತಿಯಲ್ಲೇ ಗೊತ್ತಾಯಿತು. ನನ್ನನ್ನು ನೋಡಿದರು.

"ಸಾರ್" ಎಂದು ಶುರು ಮಾಡಿದೆ. "ಸೈಟಿನೋರ ಎಡವಟ್ಟು ಸಾರ್ ಇದು. ಅವರೇ ಇಸವಿ ತಪ್ಪು ಹಾಕಿದ್ರು."

ಗೈಡ್ ಕನ್ನಡಕ ತೆಗೆದರು. "ಬೆಳಿಗ್ಗೆ ನೂರಕ್ಕೆ ನೂರು ಅಂದ್ರಿ. ಈಗ ಸೈಟೇ ತಪ್ಪು ಅಂತೀರಿ. ಆಗಲಿ. ಈ ಮನವಿ ಪತ್ರ ಇರೋದು ಆ ಒಂದೇ ಸೈಟಲ್ಲಿ. ಇಸವೀನೇ ಸರಿಯಾಗಿ ಹಾಕಕ್ಕೆ ಬಾರದ ಸೈಟನ್ನ ನಂಬ್ಕೊಂಡು ಈಯಮ್ಮನ ಪ್ರಬಂಧ ಹೇಗ್ರೀ ನಿಲ್ಲುತ್ತೆ? ನಾಳೆ ಪರೀಕ್ಷಕರು ಕೇಳೋದು ಇದನ್ನೇ. ಆ ಸ್ಕ್ಯಾನೂ ಸುಳ್ಳಿರಬಹುದಲ್ಲ?"

ನಾನು ದಾರಿಯುದ್ದಕ್ಕೂ ನಯ ಮಾಡಿಕೊಂಡು ಬಂದ ಮಾತು ಟೀಚರಮ್ಮನ ಕುತ್ತಿಗೆಗೇ ಬಂತು. ಅವರು ಕಣ್ಣು ಮುಚ್ಚಿಕೊಂಡರು.

"ಸಾರ್" ಅಂದೆ. "ಸೈಟು ಸರಿಯಾಗೇ ಅದೆ. ಸೈಟಲ್ಲಿ ಇಸವೀನೇ ಇಲ್ಲ. ಇಸವಿ ಹಾಕಿದ್ದು ನಾನು."

"ನೀವು ಅಂದ್ರೆ?"

"ನನ್ನ ಪ್ಲಗಿನ್ನು. ಅದರೊಳಗೆ ನಾನೇ ಬರ್ದಿಟ್ಟಿರೋ ಸಂವತ್ಸರದ ಪಟ್ಟಿ. ಅದು ಈಚಿನ ಅರವತ್ತು ವರ್ಷದ್ದು ಸಾರ್. ಈ ಪುಸ್ತಕ ಹಿಂದಿನ ಸುತ್ತಿನ ಆನಂದದ್ದು."

"ಮತ್ತೆ ಬೆಳಿಗ್ಗೆ?"

"ನೋಡ್ದೆಲೆ ಅಂದೆ ಸಾರ್. ಈಗ್ಲೂ ಒಂದು ಸುಳ್ಳು ಹೇಳ್ದೆ."

ಲ್ಯಾಪ್‌ಟಾಪ್ ಬಿಚ್ಚಿ ಟೀಪಾಯಿಯ ಮೇಲಿಟ್ಟೆ. ಪುಟವನ್ನು ಅಂಗಡಿಯಲ್ಲೇ ಉಳಿಸಿಕೊಂಡು ಬಂದಿದ್ದೆ. ಗೈಡ್ ಬಗ್ಗಿ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದರು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು.

"ಅರ್ಧ ಆಣೆ" ಅಂದರು. ಇನ್ನೊಂದು ಸಲ ತಮಗೇ ಅಂದುಕೊಂಡರು. "ಇದನ್ನ ಯಾಕೆ ತರಲಿಲ್ಲ ನಿಮ್ಮ ಪ್ಲಗಿನ್ನು?"

"ಬೆಲೆ ಬ್ಯಾಡ, ಬುಟ್ಬುಡು ಅಂತ ನಾನೇ ಬರ್ದಿದ್ದೆ ಸಾರ್."

ಅವರು ನನ್ನನ್ನು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ತಿರುಗಿ ಟೀಚರಮ್ಮನನ್ನು ನೋಡಿದರು. ಆಮೇಲೆ ಎದುರಿನ ಕುರ್ಚಿ ತೋರಿಸಿ, "ಕೂತ್ಕೊಳಮ್ಮ" ಅಂದರು.

ಟೀಚರಮ್ಮ ಕೂರಲಿಲ್ಲ. "ಟೈಮಾಯ್ತದೆ ಸರ್" ಅಂದರು. "ನನ್ನ ಮಾತು ಬ್ಯಾಡ, ಆ ಪುಟ ಒಂದ್ಸಲ ತೆಗೆಸಿ ನೋಡಿ ಅಂತ ಬೆಳಿಗ್ಗೆಯಿಂದ ಹೇಳ್ತಿದ್ದೆ. ಈಗ ನೋಡಿದ್ರಲ್ಲ. ಸೈನ್ ಹಾಕ್ತೀರಾ?"

ಗೈಡ್ ಬಗ್ಗಿಸಿದ ತಲೆ ಎತ್ತದೆ ಹೇಳಿದರು. ಪುಟ ಬದಲಾಯಿಸಿ ಮತ್ತೆ ಬೈಂಡು ಮಾಡಿಸುವ ಹೊತ್ತಿಲ್ಲ. ಮೊದಲ ಪುಟಕ್ಕೆ ತಪ್ಪು-ಒಪ್ಪಿನ ಹಾಳೆಯೊಂದನ್ನು ಅಂಟಿಸಬೇಕು. ನಾನು, "ಮುದ್ರಣ ದೋಷ ಅಂತ ಹಾಕ್ಬುಡ್ಲಾ ಸಾರ್?" ಎಂದೆ. ಪ್ರೆಸ್ಸಿನವರ ಎಲ್ಲ ಪಾಪಗಳೂ ಆ ಎರಡು ಪದದ ಕೆಳಗೆ ಅಡಗುತ್ತವೆ.

"ಬೇಡ. ಇಸವಿ ಎಲ್ಲಾ ಕಡೆ ಒಂದೇ ಥರ ತಪ್ಪಾಗಿದೆ, ಅದನ್ನ ಮುದ್ರಣ ದೋಷ ಅಂದ್ರೆ ಯಾರೂ ನಂಬಲ್ಲ. ಹೇಗೆ ತಪ್ಪಾಯ್ತು ಅಂತ ಇದ್ದದ್ದು ಇದ್ದ ಹಾಗೆ ಬರೀರಿ. ನಿಮ್ಮ ಹೆಸರು ಹಾಕಿ. ಐದು ಪ್ರತಿಗೂ ಕೈಯಲ್ಲಿ ಸಹಿ ಮಾಡಿ. ಅದನ್ನ ಓದಿದ ಮೇಲೆ ನಾನು ಸಹಿ ಹಾಕ್ತೀನಿ."

ಅಲ್ಲೇ ಕೂತು ಟೈಪು ಮಾಡಿದೆ. ಬೇರೆಯವರ ಸಾವಿರಾರು ಪ್ರಮಾಣಪತ್ರ ಹೊಡೆದ ಕೈ ಇದು. ಇಷ್ಟು ನಿಧಾನವಾಗಿ ಎಂದೂ ಓಡಿರಲಿಲ್ಲ.

'ಈ ಪ್ರಬಂಧದಲ್ಲಿ ಆನಂದ ಸಂವತ್ಸರದ ಮನವಿ ಪತ್ರಕ್ಕೆ ನಮೂದಾಗಿರುವ ಇಸವಿ ತಪ್ಪು. ಮೂಲ ವೆಬ್ ಪುಟದಲ್ಲಿ ಇಸವಿ ಇಲ್ಲ, ಸಂವತ್ಸರ ಮಾತ್ರ ಇದೆ. ಇಸವಿಯನ್ನು ಸೇರಿಸಿದ್ದು ನಾನು ಬರೆದ ಪ್ಲಗಿನ್. ಅದು ಒಂದು ಸುತ್ತು, ಅಂದರೆ ಅರವತ್ತು ವರ್ಷ, ಮುಂದಕ್ಕೆ ಹೋಗಿದೆ. ಸಂಶೋಧಕಿ ಮೊದಲಿಂದ ಬರೆದಿದ್ದ ಇಸವಿಯೇ ಸರಿ. ತಪ್ಪು ನನ್ನದು, ಅವರದಲ್ಲ.'

ಪ್ರಿಂಟು ತೆಗೆಸಲು ಬ‌ಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಗೆ ಓಡಿದೆ. ಅಂಗಡಿಯ ಸಾಬರು ನನಗೆ ಪರಿಚಯದವರು. ಶುಕ್ರವಾರ; ನಮಾಜಿಗೆ ಹೊರಟು, ಟೋಪಿ ಹಾಕಿಕೊಂಡು, ಶೆಟರಿಗೆ ಕೈ ಹಾಕಿದ್ದರು.

"ಭಾಯ್, ಐದೇ ಹಾಳೆ."

"ಅರೆ, ನಮಾಜ್ ಶುರು ಆಗ್ಬಿಡ್ತದೆ ಕಣ್ರಿ. ಮಧುಗಿರಿ ಕಂಪ್ಯೂಟರ್ ಪಂಡಿತ್ರು ನೀವು, ನಮ್ಮ ಹತ್ರ ಯಾಕ್ ಬಂದ್ರಿ?" ಅಂದರು. ನನ್ನ ಮುಖ ನೋಡಿ ಮಿಶಿನ್ನು ಹಾಕಿದರು. ಹೊರಗೆ ಬಂದ ಮೊದಲ ಹಾಳೆಯ ಮೇಲೆ ಕಣ್ಣಾಡಿಸಿ ಹುಬ್ಬು ಏರಿಸಿದರು. "ಯಾ ಅಲ್ಲಾ! ನಿಮ್ದೇ ಗಲ್ತಿ ಅಂತ ನೀವೇ ಬರ್ದು, ನೀವೇ ಪ್ರಿಂಟ್ ಹಾಕ್ಸ್ತಿದೀರಾ? ತಬಿಯತ್ ಸರಿಗಿದೆಯಾ?"

"ಸರಿಗಿಲ್ಲ ಭಾಯ್. ಗೋಂದು ಇದ್ರೆ ಕೊಡಿ."

ಗೋಂದಿನ ಬಾಟಲಿಯನ್ನು ನನ್ನ ಕೈಗೆ ತುರುಕಿ, ದುಡ್ಡಿಗೂ ನಿಲ್ಲದೆ ಮಸೀದಿಯ ಕಡೆ ದಾಪುಗಾಲು ಹಾಕಿದರು. ದಾರಿಯಲ್ಲಿ ಹಾಳೆ ಅಂಟಿಸಬೇಕಿದ್ದರಿಂದ ತುಮಕೂರಿಗೆ ಬಸ್ಸೇ ಸರಿ ಎಂದು ಬೈಕನ್ನು ಅವರ ಅಂಗಡಿಯ ಮುಂದೆಯೇ ಬಿಟ್ಟೆ.

ನಾನು ಸಹಿ ಮಾಡಿಕೊಟ್ಟ ಹಾಳೆಯನ್ನು ಗೈಡ್ ಎರಡು ಸಲ ಓದಿ, ಐದೂ ಪ್ರತಿಯ ಪ್ರಮಾಣಪತ್ರದ ಪುಟಕ್ಕೆ ಸಹಿ ಹಾಕಿದರು. ನಾವು ತುಮಕೂರು ಬಸ್ಸು ಹತ್ತಿದಾಗ ಎರಡೂವರೆ ದಾಟಿತ್ತು. ಬಸ್ಸು ಹೊರಡಲಿಲ್ಲ. ಕಂಡಕ್ಟರ್ ಊಟಕ್ಕೆ ಹೋಗಿದ್ದ. ಟೀಚರಮ್ಮ ಕಿಟಕಿಯ ಪಕ್ಕ ಕೂತು ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಹದಿನೈದು ನಿಮಿಷಕ್ಕೆ ಬಸ್ಸು ಎದ್ದಿತು. ನಾನು ಮೊಣಕಾಲ ಮೇಲೆ ಒಂದೊಂದೇ ಪ್ರತಿ ಇಟ್ಟುಕೊಂಡು, ಹಾಳೆಯ ಅಂಚಿಗೆ ಗೋಂದು ಸವರಿ ಅಂಟಿಸುತ್ತ ಹೋದೆ. ರಸ್ತೆಯ ಉಬ್ಬು ಬಂದಾಗ ಟೀಚರಮ್ಮ ಕೈ ಚಾಚಿ ಬಾಟಲಿ ಹಿಡಿದರು.

"ಏನ್ ಸ್ವಾಮಿ, ಪ್ರೆಸ್ಸು ಬಸ್ಸಲ್ಲೇ ಇಟ್ಬುಟ್ರಾ? ಅದಕ್ಕೂ ಲಗೇಜ್ ಟಿಕೆಟ್ ಹರೀಲಾ?" ಅಂದ ಕಂಡಕ್ಟರ್.

ಯಾರೂ ನಗಲಿಲ್ಲ. ಅವನೂ ಮುಂದಕ್ಕೆ ಹೋದ.

"ಮೇಡಮ್ಮೋರೆ" ಎಂದೆ.

"ಆ ಮೂಲೆ ಎದ್ದದೆ, ಒತ್ತಿ ಅಣ್ಣ" ಅಂದರು. ಅಷ್ಟೇ ಅಂದರು. ಒತ್ತಿದೆ.

ಕಚೇರಿ ಕೌಂಟರ್ ಮುಟ್ಟಿದಾಗ ನಾಲ್ಕೂ ಇಪ್ಪತ್ತು. ಗುಮಾಸ್ತೆ ಪ್ರತಿ ತೆರೆದು, ಮೊದಲ ಪುಟ ನೋಡಿ, ಹಾಗೇ ಮುಚ್ಚಿ ವಾಪಸು ತಳ್ಳಿದಳು. "ಅಂಟಿಸಿರೋ ಹಾಳೆ ಇರೋದನ್ನ ತಗೊಳಕ್ಕೆ ಬರಲ್ಲ."

"ಗೈಡೇ ಹೇಳವ್ರಮ್ಮ" ಅಂದೆ.

"ನಮ್ಮ ಸಾಹೇಬ್ರು ಹೇಳ್ಬೇಕು."

ಟೀಚರಮ್ಮ ಪ್ರತಿಗಳನ್ನು ಮತ್ತೆ ಒಳಕ್ಕೆ ತಳ್ಳಿದರು. "ಹಂಗಾದ್ರೆ ಸಾಹೇಬ್ರನ್ನ ಕೇಳ್ಕೊಂಬನ್ನಿ. ಐದು ಗಂಟೆವರೆಗೂ ನಾನು ಇಲ್ಲಿಂದ ಕದಲಲ್ಲ." ಬೆಳಿಗ್ಗೆಯಿಂದ ನಿಂತ ಕಾಲುಗಳ ಮೇಲೆ ಹಾಗೇ ನಿಂತರು.

ಆಕೆ ಒಳಗೆ ಹೋದಳು. ಕಿಟಕಿಯ ಹಿಂದೆ ಬರೀ ಫ್ಯಾನು ತಿರುಗುತ್ತಿತ್ತು. ನಾಲ್ಕೂವರೆ. ನಾಲ್ಕೂ ನಲವತ್ತು. ಒಂದು ಬಾಗಿಲು ತೆಗೆದ ಸದ್ದಾಯಿತು, ಬಂದದ್ದು ಬೇರೆ ಯಾರೋ. ನಾಲ್ಕೂ ನಲವತ್ತೆರಡಕ್ಕೆ ಆಕೆ ವಾಪಸು ಬಂದಳು.

"ಇದರಲ್ಲಿ ಸೈನ್ ಹಾಕಿರೋರು ಯಾರು?"

"ನಾನು."

"ನೀವು ಏನು, ಲೆಕ್ಚರರ್ರಾ?"

"ಟೈಪಿಂಗ್ ಅಂಗಡಿ ಇಟ್ಟಿದೀನಿ."

ಆಕೆ ನನ್ನನ್ನು ಒಂದು ಗಳಿಗೆ ನೋಡಿದಳು. "ಐದು ಪ್ರತಿಗೂ ನಿಮ್ಮ ಗುರುತಿನ ಚೀಟಿ ಜೆರಾಕ್ಸ್ ಇಡಬೇಕಂತೆ. ಹೇಳಿಕೆ ಕೊಟ್ಟೋರು ನಿಜವಾಗ್ಲೂ ಇದಾರೆ ಅಂತ ಗೊತ್ತಾಗಬೇಕಲ್ಲ."

ಗೇಟಿನ ಹೊರಗಿನ ಅಂಗಡಿಗೆ ಓಡಿ, ನನ್ನ ಮುಖವಿರುವ ಐದು ಹಾಳೆ ಹಿಡಿದು ಓಡಿ ಬಂದೆ. ಏದುಸಿರಿನಲ್ಲಿ ಹೆಸರು ಬರೆದು ಸಹಿ ಮಾಡಿದೆ. ಆಕೆ ಒಂದೊಂದಕ್ಕೂ ಪಿನ್ನು ಹೊಡೆದು, ಸೀಲನ್ನು ಶಾಯಿಗೆ ಒತ್ತಿ, ಐದು ಸಲ ಕುಟ್ಟಿದಳು. ಸ್ವೀಕೃತಿ ಚೀಟಿಯಲ್ಲಿ ಹೊತ್ತು ಬರೆದಳು: ನಾಲ್ಕೂ ಐವತ್ತೆರಡು.

ಹೊರಗೆ ಮರದ ಕೆಳಗೆ ಟೀಚರಮ್ಮ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಮತ್ತೆ ಬಿಚ್ಚಿ, ಓದಿ, ಪರ್ಸಿನೊಳಗೆ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ನಿಮ್ಮ ಬಟನ್ನು ಇನ್ನ ಯಾರ್ಯಾರ ಹತ್ರ ಅದೆ ಅಣ್ಣ?"

ಕೊರಟಗೆರೆಯಲ್ಲಿ ಇಬ್ಬರು, ಬರಗೂರಿನ ಕಡೆಯವರು ಒಬ್ಬರು, ಪಾವಗಡದಲ್ಲಿ ಒಬ್ಬರು ಉಪನ್ಯಾಸಕರು. ಎಲ್ಲರಿಗೂ ಹೆಮ್ಮೆಯಿಂದ ನಾನೇ ಹಾಕಿಕೊಟ್ಟಿದ್ದೆ. ಬೆಳಿಗ್ಗೆಯಿಂದ ಅವರ ಯೋಚನೆ ಒಂದು ಸಲವೂ ಬಂದಿರಲಿಲ್ಲ.

"ನಾಕು ಜನ" ಅಂದೆ.

"ಅವ್ರ ಗೈಡ್ ಕೇಳೋಕಿಂತ ಮುಂಚೆ ನೀವೇ ಅವ್ರಿಗೆ ಹೇಳ್ಬುಡಿ."

ನಾಳೆ ಅಂಗಡಿಗೆ ಹೋಗಿ ಮಾಡುತ್ತೇನೆ ಎನ್ನಲು ಬಾಯಿ ತೆರೆದೆ. ಅವರು ಬಸ್‌ಸ್ಟ್ಯಾಂಡಿನ ಕಡೆ ಹೊರಡದೆ ಅಲ್ಲೇ ನಿಂತಿದ್ದರು. ಫೋನು ತೆಗೆದೆ. ಪಾವಗಡದವರಿಗೆ ಮೊದಲು ಮಾಡಿದೆ, ಯಾಕೆಂದರೆ ಅವರ ಪ್ರಬಂಧ ಆಗಲೇ ಒಪ್ಪಿಗೆಯಾಗಿ, ಪುಸ್ತಕ ಮಾಡಿಸಲು ಓಡಾಡುತ್ತಿದ್ದರು.

ಇದ್ದದ್ದನ್ನೆಲ್ಲ ಹೇಳಿದೆ. ಆ ಕಡೆಯವರು ಪಾವಗಡದ ತೆಲುಗು ಬೆರೆಸಿ ಒಮ್ಮೆಲೇ ಸಿಡಿದರು.

"ಏಮಯ್ಯಾ, ಡಿಗ್ರಿ ಬಂದ್ಮೇಲೆ ಇಪ್ಪುಡು ಚೆಪ್ತಾವಾ, ಈಗ ಹೇಳ್ತೀಯಾ? ನಾಳೆ ನಾನು ಅಚ್ಚಿಗೆ ಕೊಡ್ತಿದ್ದೆನಲ್ಲಯ್ಯಾ! ನಿನ್ನ ನಂಬಿ..."

"ನಾಳೆ ಕೊಡ್ತಿದ್ರಿ ಅಂತ್ಲೇ ಇವತ್ತು ಮಾಡ್ತಿರೋದು ಸಾರ್" ಅಂದೆ. "ಬೈಯೋದನ್ನ ಆಮೇಲೆ ಬೈರಿ. ಈಗ ನಿಮ್ಮ ಪುಸ್ತಕದ ಪಟ್ಟಿ ತೆಗೀರಿ. ಸಂವತ್ಸರ ಇರೋದನ್ನೆಲ್ಲ ಒಂದೊಂದೇ ಓದಿ, ನಾನು ಕಾಯ್ತೀನಿ."